ಸಾರು ಬಡಿಸಿದ ಜನರಲ್

ನನ್ನಣ್ಣ ಸೈನ್ಯದಲ್ಲಿ ಒಬ್ಬ ಮೇಜರ್ ಜನರಲ್‌ರ ಜೀಪು ಓಡಿಸುತ್ತಿದ್ದ. ಅವರು ಮೈಸೂರು ಸೀಮೆಯವರೇ. ಬ್ರಿಟಿಷರ ಕಾಲದಲ್ಲಿ ಸಿಪಾಯಿಯಾಗಿ ಸೇರಿ, ಸ್ವಾತಂತ್ರ್ಯ ಬಂದ ಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಅಷ್ಟೆತ್ತರಕ್ಕೆ ಹೋಗಿದ್ದರು. ತುಂಟತನ ಮಾತ್ರ ಬಿಟ್ಟಿರಲಿಲ್ಲ. ಎಷ್ಟೋ ಸಲ ಅಣ್ಣನನ್ನು ಪಕ್ಕದಲ್ಲಿ ಕೂರಿಸಿ ತಾವೇ ಜೀಪು ಓಡಿಸಿ, ಕಾವಲಿನವನು ಯಾರಿಗೆ ಸೆಲ್ಯೂಟ್ ಹೊಡೆಯುತ್ತಾನೆಂದು ನೋಡುತ್ತಿದ್ದರಂತೆ.

"ಲೇ, ಜನರಲ್ಲು ಅಂದ್ರೆ ಪಾಳೇಗಾರ ಇದ್ದಂಗೆ. ನಿನ್ ಜತೆ ಆಟ ಆಡ್ತಾನಾ?" ಎಂದು ಅಪ್ಪ ನಗುತ್ತಿದ್ದರು.

ಅಣ್ಣನ ಮದುವೆ ಹಿರಿಯೂರಿನ ನಮ್ಮ ಮನೆ ಮುಂದೆಯೇ ಆಯಿತು. ಜನರಲ್‌ರನ್ನು ಕರೆದಿದ್ದ, ಬರುತ್ತಾರೆಂದು ಅವನೂ ಅಂದುಕೊಂಡಿರಲಿಲ್ಲ. ಎರಡನೇ ಪಂಕ್ತಿ ಕೂತಾಗ, ಬಿಳಿ ಅಂಗಿಯ ಎತ್ತರದ ಮನುಷ್ಯನೊಬ್ಬ ಬಸ್ಸಿಳಿದು ಚಪ್ಪರದೊಳಗೆ ಬಂದ. ಬಡಿಸುವವರು ಸಾಲದೆ ರೇಗಾಡುತ್ತಿದ್ದ ಅಪ್ಪ, ಅಡುಗೆಯವರ ಕಡೆಯವನೆಂದು ತಿಳಿದು, "ಏನಪ್ಪ, ಈಗ್ ಬರೋದಾ? ಹಿಡಿ" ಎಂದು ಸಾರಿನ ಬಕೆಟ್ ಕೈಗಿತ್ತರು. ಆತ ಅಂಗಿಯ ತೋಳು ಮಡಚಿಕೊಂಡು ಬಡಿಸತೊಡಗಿದ.

"ಅನ್ನದ ಗುಳಿಗೆ ಹುಯ್ಯಪ್ಪ, ಎಲೆಗಲ್ಲ!"

"ಆಗ್ಲಿ ಯಜಮಾನ್ರೇ."

ಹಿಂದೆ ಮಜ್ಜಿಗೆ ಬಡಿಸುತ್ತಿದ್ದ ನನ್ನ ಕಿವಿಯಲ್ಲಿ, "ನಿಮ್ಮಪ್ಪನ್ನ ನಮ್ ಸೈನ್ಯಕ್ಕೆ ಕೊಡ್ತೀಯೇನಮ್ಮ?" ಎಂದು ಪಿಸುಗುಟ್ಟಿದ. ನನಗೆ ಅರ್ಥವಾಗಲಿಲ್ಲ.

ಮುಂದಿನ ಪಂಕ್ತಿಯಲ್ಲಿ ಮದುಮಕ್ಕಳು ಕೂತರು. ಸಾರಿಗೆಂದು ತಲೆಯೆತ್ತಿದ ಅಣ್ಣ ಧಡಕ್ಕನೆ ಎದ್ದು, ಅನ್ನ ಮೆತ್ತಿದ ಕೈಯಲ್ಲೇ ಸೆಲ್ಯೂಟ್ ಹೊಡೆದ. ಬಾಸಿಂಗ ಜಾರಿ ಮೂಗಿಗೆ ಬಂತು. ವಿಷಯ ತಿಳಿದ ಅಪ್ಪ ಬೆವೆತುಹೋದರು. "ತಪ್ಪಾತು ಸ್ವಾಮಿ, ಕುಂತ್ಕಳ್ರಿ, ಊಟ ಮಾಡ್ರಿ."

"ಇನ್ನೊಂದು ಪಂಕ್ತಿ ಇದೆಯಲ್ಲ, ಮುಗಿಸಿಯೇ ಕೂತ್ಕೋತೀನಿ," ಎಂದರು ಜನರಲ್. ಕೊನೆಗೆ ಅಪ್ಪನ ಪಕ್ಕದಲ್ಲೇ ಉಂಡು, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ದೂರಿ, ಬಸ್ಸು ಹತ್ತಿದರು.

ಮರುವರ್ಷ ಗಡಿಯಲ್ಲಿ ಯುದ್ಧ ಶುರುವಾಯಿತು. ಮುಂಚೂಣಿಯ ಕಂದಕದಲ್ಲಿದ್ದ ಹುಡುಗರನ್ನು ಕಣ್ಣಾರೆ ನೋಡಬೇಕೆಂದು ಜನರಲ್ ಹಟ ಹಿಡಿದರು. ಗುಡ್ಡದ ಮರೆಯಲ್ಲಿ ಜೀಪು ನಿಲ್ಲಿಸಿ, "ತಿರುಗಿಸಿಟ್ಟುಕೋ, ಈಗ ಬಂದೆ," ಎಂದು ಅಣ್ಣನಿಗೆ ಹೇಳಿ ನಡೆದರು. ಅವರು ಹೋದಲ್ಲಿ ಶೆಲ್ ಬಿತ್ತು. ಅಣ್ಣ ಓಡಿಹೋಗಿ ಅವರನ್ನು ಹೊತ್ತು ತಂದ. ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಗಿತ್ತು.

ರೇಡಿಯೋದಲ್ಲಿ ಸುದ್ದಿ ಕೇಳಿ ಬಂದ ಅಪ್ಪ ಜಗುಲಿಯ ಮೇಲೆ ಕೂತುಬಿಟ್ಟರು. ಯುದ್ಧ ಮುಗಿದು ಅಣ್ಣ ರಜೆಗೆ ಬಂದಾಗ ಅವನನ್ನು ಏನೂ ಕೇಳಲಿಲ್ಲ. ಕೇಳಿದವಳು ಅಮ್ಮ.

"ಹೊಸ ಸಾಹೇಬ್ರು ಹೆಂಗವ್ರೆ ಮಗಾ?"

"ಒಳ್ಳೇರು ಕಣಮ್ಮ. ನಗಲ್ಲ, ಅಷ್ಟೆ," ಎಂದು ಅಣ್ಣ ಬಾವಿಯತ್ತ ಮುಖ ತೊಳೆಯಲು ಹೋದ.