ಬ್ಯಾಡ್ಜರ್ ಅಂದರೆ ನನ್ನ ಅವ್ವ

ಹೋದ ವರ್ಷ ನನ್ನ ಮಗಳು ನಮ್ಮೂರು ಪಿರಿಯಾಪಟ್ಟಣದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಆರನೇ ತರಗತಿ ಓದುತ್ತಿದ್ದಳು. ಪಾಠದಲ್ಲಿ ಬಂದ ಹೊಸ ಪದಗಳಿಗೆ ಸ್ವಂತ ವಾಕ್ಯ ಬರೆದು ತರಲು ಹೇಳಿದ್ದರು. ಅದರಲ್ಲೊಂದು ಬ್ಯಾಡ್ಜರ್. ಪುಸ್ತಕದಲ್ಲಿ ಚಿತ್ರವಿತ್ತು. ಮುಖದ ಮೇಲೆ ಬಿಳಿ ಪಟ್ಟೆಯಿರುವ, ಬಿಲ ತೋಡುವ ಪ್ರಾಣಿ.

ನನ್ನ ಗಂಡ ಹುಣಸೂರಿನ ಗುಜರಿ ಅಂಗಡಿಯಿಂದ ತಂದ ಹಳೆಯ ನಿಘಂಟೊಂದು ಮನೆಯಲ್ಲಿದೆ. ಮಗಳು ಅದರಲ್ಲಿ ಹುಡುಕಿ, ಅಡುಗೆಮನೆಗೆ ಓಡಿ ಬಂದಳು. ಒಂದೂರಲ್ಲಿ ಕಾಳು ಕೊಂಡು ಇನ್ನೊಂದೂರಿಗೆ ಹೊತ್ತು ಮಾರುವವರಿಗೂ ಹಿಂದೆ ಇಂಗ್ಲೆಂಡಿನಲ್ಲಿ ಬ್ಯಾಡ್ಜರ್ ಅನ್ನುತ್ತಿದ್ದರಂತೆ.

"ಅಮ್ಮಾ, ಅಜ್ಜಿ ಮಾಡೋದೂ ಅದೇ ಅಲ್ವಾ?"

ಅದೇ. ನನ್ನ ಅವ್ವ ಹಾರನಹಳ್ಳಿ ಸುತ್ತಿನ ಮನೆಗಳಲ್ಲಿ ಅವರೆ, ಹುರುಳಿ, ಅಲಸಂದೆ ಕೊಂಡು, ಬಸ್ಸಿಗೆ ಹಾಕಿಕೊಂಡು ಬಂದು, ತಲೆಯ ಮೇಲೆ ಹೊತ್ತು ನಮ್ಮೂರಲ್ಲೂ ಬೈಲಕುಪ್ಪೆಯಲ್ಲೂ ಮಾರುತ್ತಾಳೆ. ನನ್ನನ್ನು ಓದಿಸಿದ್ದು ಆ ಕಾಳೇ. "ಹಾಗಂತಲೇ ಬರಿ" ಅಂದೆ. "ಮೈ ಗ್ರ್ಯಾಂಡ್‌ಮದರ್ ಈಸ್ ಎ ಬ್ಯಾಡ್ಜರ್" ಎಂದು ಮುದ್ದಾಗಿ ಬರೆದಳು.

ಮೇಷ್ಟ್ರು ಅದನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದಿದರಂತೆ. "ನಿಮ್ಮಜ್ಜಿ ಬಿಲದಲ್ಲಿರ್ತಾಳಾ? ಬಾಲ ಎಷ್ಟುದ್ದ?" ಅಂತ ಅವಳನ್ನು ಎದ್ದು ನಿಲ್ಲಿಸಿ ಕೇಳಿದರಂತೆ. ಮಕ್ಕಳು ನಗದೆ ಇರುತ್ತಾರೆಯೇ? ಮೂರನೇ ದಿನ ಅವ್ವ ಕಾಳಿನ ಮಂಕರಿ ಹೊತ್ತು ಶಾಲೆಯ ಮುಂದೆ ಹಾದುಹೋಗುವಾಗ ಕೆಲವರು ಕೈಯಿಂದ ನೆಲ ಕೆರೆದು ತೋರಿಸಿದರು. ನನ್ನ ಮಗಳು ಗೇಟಿನ ಹಿಂದೆ ಅವಿತುಕೊಂಡಳು. ಅಜ್ಜಿ ಹೆಸರು ಹಿಡಿದು ಕರೆದರೂ ಓಗೊಡಲಿಲ್ಲ. ರಾತ್ರಿ ಊಟ ಬಿಟ್ಟು ಅತ್ತಾಗಲೇ ನನಗೆ ಇದೆಲ್ಲ ತಿಳಿದದ್ದು. ನನ್ನ ಮೈ ಉರಿದುಹೋಯಿತು.

ಬೆಳಿಗ್ಗೆ ನಿಘಂಟು ಹಿಡಿದು ಶಾಲೆಗೆ ಹೋದೆ. ಮೇಷ್ಟ್ರು ಆ ಪುಟವನ್ನು ಓದಿದರು.

"ಇದು ಹಳೇ ಅರ್ಥ ಕಣ್ರೀ. ಈಗ ಯಾರೂ ಬಳಸಲ್ಲ."

"ಹಳೇದು ಅಂದ್ರೆ ಸುಳ್ಳಾಯ್ತಾ ಸಾರ್? ನಿಮಗೆ ಗೊತ್ತಿರಲಿಲ್ಲ ಅನ್ನಿ, ತಪ್ಪೇನಿಲ್ಲ. ಆದ್ರೆ ಮಗೂನ ಒಂದು ಮಾತು ಕೇಳ್ಬೋದಿತ್ತಲ್ಲ, ಯಾಕೆ ಹಿಂಗೆ ಬರೆದೆ ಅಂತ?"

ಅವರು ಮಗಳ ನೋಟ್‌ಬುಕ್ ತರಿಸಿ, ಆ ವಾಕ್ಯಕ್ಕೆ ಎಳೆದಿದ್ದ ಕೆಂಪು ಗೀಟಿನ ಪಕ್ಕ ಪೆನ್ಸಿಲಿನಲ್ಲಿ ಅರ್ಧ ಮಾರ್ಕು ಹಾಕಿದರು. ನಾನು ಮಾರ್ಕು ಕೇಳಲು ಹೋಗಿದ್ದೆನೇ? ಯಾರ ಮುಂದೆ ನಕ್ಕಿರೋ ಅವರ ಮುಂದೆಯೇ ಅವಳು ಬರೆದದ್ದು ಸರಿ ಅಂತ ಹೇಳಿ ಅಂದೆ. ಪೋರ್ಷನ್ ಮುಗಿಸಬೇಕು, ಟೈಮಿಲ್ಲ ಅಂದರು. ಗೇಲಿ ಮಾಡಲು ಟೈಮಿತ್ತು!

ಸಂಜೆ ಅವ್ವನಿಗೆ ಎಲ್ಲ ಹೇಳಿದೆ. ಅವಳು ಮೊಮ್ಮಗಳನ್ನು ತೊಡೆಗೆಳೆದುಕೊಂಡು, "ನಾಚ್ಕೆ ಆಯ್ತೇನವ್ವಾ ನಿಂಗೆ?" ಅಂತ ಕೇಳಿದಳು. ಮಗಳು ಹೌದೆಂದು ತಲೆಯಾಡಿಸಿ ಬಿಕ್ಕಿದಳು. "ಆಗ್ಲಿ ಬುಡು. ನಾಳೀಕೆ ಕರದ್ರೆ ಮಾತಾಡು, ಅಷ್ಟೆ." ನನ್ನ ಕಡೆ ತಿರುಗಿ, "ಆ ಮೇಷ್ಟ್ರು ಮನ್ಗೂ ನಾನೇ ಕಣವ್ವಾ ಅವರೆಕಾಳು ಆಕೋದು" ಅಂದಳು.

"ಇನ್ನು ಹಾಕಬೇಡ."

"ಅವರ ಎಂಡ್ರು ಏನ್ ಮಾಡವ್ರೆ? ನಾಳಿದ್ದು ಕೊಡ್ತೀನಿ ಅಂತ ಯೋಳಿವ್ನಿ."

ಕೊಟ್ಟು ಬಂದಳು. ಅದಕ್ಕಾಗಿ ನಾನು ಅವಳ ಜೊತೆ ಎರಡು ದಿನ ಮಾತು ಬಿಟ್ಟೆ. ಮೇಷ್ಟ್ರು ತರಗತಿಯಲ್ಲಿ ಇವತ್ತಿನವರೆಗೂ ಆ ಬಗ್ಗೆ ಒಂದು ಮಾತೂ ಹೇಳಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.