ಹೆಸರು ಕೆರೆದ ಹಾಡು

ಬರಾಂಕಿಯಾ ಎಂಬ ಬಂದರೂರಿನ ಪಿಕೊ ಯಜಮಾನ ಒವಿಡಿಯೊನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಈ ಊರು ಯಾವ ಹಾಡಿಗೆ ಕುಣಿಯಬೇಕೆಂದು ಗೊತ್ತುಮಾಡುವವನು ರೇಡಿಯೊದವನಲ್ಲ, ಇವನು. ಪಿಕೊ ಅಂದರೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ. ಇವನ ಪಿಕೊ ಮೇಲೆ ಬಾಯಿ ತೆರೆದ ಹುಲಿಯ ಚಿತ್ರವಿದೆ. ಭಾನುವಾರ ಅದು ಗುಡುಗಿದರೆ ಪಕ್ಕದ ಬೀದಿಯ ಪಾತ್ರೆಗಳೂ ಕುಣಿಯುತ್ತವೆ. ಹಡಗಿನವರು ಆಫ್ರಿಕಾದಿಂದ ತಂದ ರೆಕಾರ್ಡು ಕೈಗೆ ಸಿಕ್ಕಿದ ತಕ್ಷಣ, ನಡುವೆ ಅಂಟಿಸಿದ ಹೆಸರಿನ ಚೀಟಿಯನ್ನು ಚಾಕುವಿನಿಂದ ಕೆರೆದು ಹಾಕುತ್ತಾನೆ. ಹೆಸರು ಗೊತ್ತಾದರೆ ಎದುರಾಳಿ ಪಿಕೊದವನೂ ತರಿಸಿಬಿಡುತ್ತಾನಲ್ಲ! ಆಮೇಲೆ ಹಾಡಿಗೆ ಊರೇ ಹೆಸರಿಡುತ್ತದೆ. "ಯಾರು ಹಾಡಿದ್ದು, ಹೇಳಣ್ಣಾ" ಎಂದು ಯಾರಾದರೂ ಗೋಗರೆದರೆ, "ನನ್ನ ಹುಲಿ ಹಾಡಿದ್ದು. ಕುಣಿಯೋದಿದ್ರೆ ಕುಣಿ, ಇಲ್ಲಾಂದ್ರೆ ದಾರಿ ಬಿಡು" ಎನ್ನುತ್ತಾನೆ. ಎಷ್ಟೋ ಹಾಡುಗಳು ಬಂದು ಹೋದವು. 'ಮೀನಿನವಳ ಹಾಡು' ಮಾತ್ರ ಹೋಗಿಲ್ಲ. ಅದು ಶುರುವಾದರೆ ಮುದುಕರೂ ಕುರ್ಚಿ ಬಿಟ್ಟು ಏಳುತ್ತಾರೆ. ಆದರೆ ಆ ರೆಕಾರ್ಡು ಸವೆದಿದೆ, ಹಾಡುವವಳ ದನಿಗಿಂತ ಈಗ ಗರಗರ ಸದ್ದೇ ಜಾಸ್ತಿ. "ಇನ್ನೊಂದು ತರಿಸ್ಬಾರ್ದಾ?" ಎಂದು ಹೆಂಡತಿ ಎದಿಲ್ಮಾ ಕೇಳಿದಳು. "ಯಾರ ಹಾಡೂಂತ ಹೇಳಿ ತರಿಸ್ಲಿ?" ಎಂದ. ಕೆರೆದವನಿಗೇ ಹೆಸರು ಮರೆತಿತ್ತು. "ಭೇಷ್! ನಿನ್ನಿಂದ್ಲೂ ಗುಟ್ಟು ಮುಚ್ಚಿಟ್ಯಲ್ಲ" ಎಂದು ಅವಳು ನಕ್ಕಳು. ಅವನು ನಗಲಿಲ್ಲ. ರೆಕಾರ್ಡನ್ನು ಅಂಗಿಯಿಂದ ಒರೆಸಿ, "ಮುಚ್ಚಿಡೋಕಾ ಆ ಪುಣ್ಯಾತ್ಗಿತ್ತಿ ಹಾಡಿದ್ದು?" ಎಂದು ಮತ್ತೆ ಹಚ್ಚಿದ. ಆ ಕಡೆ ಹೋದರೆ ಅವನನ್ನು ಕಂಡು ಬನ್ನಿ, ಹಾಡು ಪೂರ್ತಿ ಅಳಿಯುವ ಮೊದಲೇ ಹೋಗಿ. ಆ ದನಿ ಯಾರದೆಂದು ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ, ಆದರೆ ಅವನ ಕಿವಿಯಲ್ಲಿ ಮಾತ್ರ.