ಬೀಗತಿಯ ಮನೆಯ ಡಬ್ಬಿ

ಇರಕಲ್ಲಗಡದ ವಿರೂಪಾಕ್ಷಮ್ಮನಿಗೆ ಬೀಗತಿಯ ಹೆಸರೆತ್ತಿದರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣ ಒಂದು ಡಬ್ಬಿ.

ಹೊಲದ ಪಂಪ್‌ಸೆಟ್ಟಿನ ಕರೆಂಟು ಹೋದರೆ, ಬಂದರೆ ಫೋನಿಗೆ ತಿಳಿಸುವ ಡಬ್ಬಿ ಕೂಡಿಸುವುದು ಮಗ ಹಾಲೇಶನ ಕೆಲಸ. ಮರಳಿ ಎಂಬ ಊರಲ್ಲಿರುವ ಅತ್ತೆಗೆ ಉಬ್ಬಸ, ಉಸಿರಿಗೆ ಮಷೀನು ಬೇಕು ಎಂದು ಆ ಮನೆಗೂ ಒಂದು ಹಾಕಿ, ತನ್ನ ಫೋನಿಗೇ ಜೋಡಿಸಿಕೊಂಡಿದ್ದ.

ಒಮ್ಮೆ ತಾಯಿ ಬಡಿಸಿದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಫೋನು ಹಿಡಿದು ಎದ್ದ. “ಅತ್ತೀ, ಕರೆಂಟ್ ಹೋಗೈತೇನ್ರಿ? ಆರಾಮ ಅದೀರಿಲ್ಲ?”

ಹೆತ್ತವಳನ್ನು ಎಂದಾದರೂ ಹೀಗೆ ಕೇಳಿದ್ದನೇ? ವಿರೂಪಾಕ್ಷಮ್ಮನ ಹೊಟ್ಟೆಗೆ ಬೆಂಕಿ ಬಿತ್ತು.

“ನಮ್ಮ ಮನಿಗೂ ಹಾಕು ಆ ಡಬ್ಬಿ. ನಾವೇನ್ ಕತ್ತಲ್ದಾಗ ಸಾಯ್ಬೇಕೇನು?”

ಅವನು ನಗುತ್ತಲೇ ಹಾಕಿಕೊಟ್ಟು ಹೋದ.

ಮರುದಿನ ದೀಪ ಹಚ್ಚುವ ಹೊತ್ತಿಗೆ ಆಕೆ ಮನೆಯ ಮೇನ್ ಸ್ವಿಚ್ಚನ್ನು ತಾನೇ ಕೆಳಗೆಳೆದಳು. ಮಗ ಎಲ್ಲಿದ್ದರೂ ಗಾಬರಿಯಾಗಲಿ, ಉಣ್ಣುವುದು ಬಿಟ್ಟು ಏಳಲಿ ಎಂದು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಫೋನು ಬಂತು. ದನಿ ಮಾತ್ರ ಬೀಗತಿಯದು.

“ಅಕ್ಕಾರ, ನಿಮ್ಮಲ್ಲಿ ಕರೆಂಟ್ ಹೋಗೈತಂತಲ್ರಿ? ಅಳಿಯಾರು ಇಲ್ಲೇ ಉಣ್ಣಾಕತ್ತಾರ. ಊಟದಾಗ ಎಬ್ಬಿಸೋದು ಬ್ಯಾಡಂತ ನಾನಽ ಫೋನ್ ಹಚ್ಚೀನಿ.”

ವಿರೂಪಾಕ್ಷಮ್ಮ ಕತ್ತಲಲ್ಲೇ ಹಲ್ಲು ಕಚ್ಚಿದಳು.

“ಇಲ್ರಿ. ನಮ್ಮಲ್ಲಿ ಕರೆಂಟ್ ಹೋಗೇ ಇಲ್ಲ.”